‘ಏನಾದ್ರೂ ಬೇಕಿದ್ರೆ ಹೇಳಿ’ ಅಂತ ಮೆಸೇಜ್ ಹಾಕಿ ಸುಮ್ಮನಾದವಳು ನಾನು

(1/3)
ಹೋದ ವಾರ ಆಫೀಸ್ ಸುಸ್ತಿನ ಬಗ್ಗೆ ಬರೆದಾಗ ಮೂರ್ನಾಲ್ಕು ಜನ ಕೇಳಿದ್ರಿ: ಟೀಮ್‌ನಲ್ಲಿ ಬೇರೆಯವರು ನೋವಲ್ಲಿದ್ದಾಗ ನಾವೇನು ಮಾಡ್ಬೇಕು? ಮೊದಲು ನನ್ನದೇ ಒಂದು ತಪ್ಪು ಹೇಳ್ತೀನಿ.

2023ರ ಜನವರಿ. ನಾನಾಗ ಇಂಟರ್ನ್. ಬೆಂಗಳೂರಲ್ಲಿ ಕೂತು ಅಮೆರಿಕದ ಟೀಮ್ ಜೊತೆ ಕೆಲಸ. ಅಲ್ಲಿನ ಮೆಂಫಿಸ್ ನಗರದಲ್ಲಿ ಟೈರ್ ನಿಕೋಲ್ಸ್ ಅನ್ನೋ 29 ವರ್ಷದ ಕಪ್ಪು ಯುವಕನನ್ನ ಪೊಲೀಸರು ಹೊಡೆದಿದ್ರು. ಮೂರು ದಿನಕ್ಕೆ ಆತ ತೀರಿಕೊಂಡ. 27ರ ಶುಕ್ರವಾರ ಸಂಜೆ ವಿಡಿಯೋ ಹೊರಬಂತು.

ಸೋಮವಾರದ ಕಾಲ್. ಟೀಮ್‌ನಲ್ಲಿದ್ದ ಒಬ್ಬರೇ ಕಪ್ಪು ಸಹೋದ್ಯೋಗಿಯನ್ನ ಮ್ಯಾನೇಜರ್ ಎಲ್ಲರೆದುರು ಕೇಳಿದ್ರು, “ನಿಮಗೆ ಹೇಗನ್ನಿಸ್ತಿದೆ, ಹಂಚ್ಕೊಳ್ತೀರಾ?” ಒಳ್ಳೇ ಮನಸ್ಸಿಂದಲೇ ಕೇಳಿದ್ದು. ಸ್ಕ್ರೀನ್ ತುಂಬ ಮುಖಗಳು. ಆಕೆ “ಐ ಆಮ್ ಫೈನ್” ಅಂದು ಮ್ಯೂಟ್ ಆದ್ರು. ಮುಂದಿನ ಸ್ಲೈಡ್ ಬಂತು.

ನಾನು ಚಾಟಲ್ಲಿ ‘ಏನಾದ್ರೂ ಬೇಕಿದ್ರೆ ಹೇಳಿ’ ಅಂತ ಹಾಕಿದೆ, ಜೊತೆಗೊಂದು ಹಾರ್ಟ್. ‘ಥ್ಯಾಂಕ್ಸ್’ ಬಂತು. ಆ ದಿನದ ರಿಪೋರ್ಟನ್ನೂ ಅವರೇ ಮಾಡಿ ಕಳಿಸಿದ್ರು. ನನಗೂ ಬರ್ತಿದ್ದ ಕೆಲಸ ಅದು! ‘ಇವತ್ತಿಂದು ನಾನು ನೋಡ್ಕೋತೀನಿ’ ಅನ್ನಬಹುದಿತ್ತು. ಹೊಳೀಲೇ ಇಲ್ಲ.

(2/3)
ನಮ್ಮ ಗ್ರೂಪಲ್ಲಿ ಒಬ್ಬ ಕೇಳಿದ: ಮೊದಲು ಕೇಸ್ ಹಾಕಿಸ್ಕೊಂಡ ಐವರು ಪೊಲೀಸರೂ ಕಪ್ಪುಜನವೇ ಅಲ್ವಾ, ಇದರಲ್ಲಿ ಜನಾಂಗಭೇದ ಎಲ್ಲಿ ಬಂತು? ಮಾರಾಯಾ, ಲಾಠಿ ಯಾರ ಕೈಲಿತ್ತು ಅಂತಲ್ಲ, ಅದು ಯಾರ ಮೈಮೇಲೆ ಸಲೀಸಾಗಿ ಬೀಳುತ್ತೆ ಅಂತ ನೋಡು. ವಿಡಿಯೋ ನೋಡೋ ಅಮ್ಮನಿಗೆ ನೆನಪಾಗೋದು ತನ್ನ ಮಗ.

2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಒಂದು ಲಕ್ಷಕ್ಕೂ ಹೆಚ್ಚು ಕಪ್ಪು ಅಮೆರಿಕನ್ನರ ಉತ್ತರಗಳನ್ನ ನೋಡಿದ್ರು. ತಮ್ಮ ರಾಜ್ಯದಲ್ಲಿ ನಿರಾಯುಧ ಕಪ್ಪು ವ್ಯಕ್ತಿಯೊಬ್ಬರನ್ನ ಪೊಲೀಸರು ಕೊಂದ ನಂತರದ ಮೂರು ತಿಂಗಳಲ್ಲಿ, ಸತ್ತವರ ಪರಿಚಯವೇ ಇಲ್ಲದ ಕಪ್ಪು ಜನರಲ್ಲೂ ಮನಸ್ಸು ಸರಿಯಿಲ್ಲದ ದಿನಗಳು ಹೆಚ್ಚಾಗಿದ್ವು. ಬಿಳಿಯರಲ್ಲಿ ಹಾಗೆ ಕಾಣಲಿಲ್ಲ.

ದೂರದ ಕಥೆ ಅನ್ನಿಸ್ತಿದ್ಯಾ? 2016ರ ಜನವರಿ 31, ಹೆಸರಘಟ್ಟದ ಕಡೆ. ಸುಡಾನ್‌ನವನೊಬ್ಬನ ಕಾರು ಡಿಕ್ಕಿಯಾಗಿ ಹೆಂಗಸೊಬ್ಬರು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರೀಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಬಿತ್ತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ. ಮರುದಿನ ಹಾಲು ತರೋಕೆ ಹೊರಡೋ ಮೊದಲು ನಮ್ಮೂರಿನ ಬೇರೆ ಆಫ್ರಿಕನ್ ಹುಡುಗರು ಏನು ಯೋಚಿಸಿರಬಹುದು, ಹೇಳಿ.

(3/3)
ನನ್ನ ಅಭಿಪ್ರಾಯ ಇಷ್ಟು: ಆಫೀಸಿನ ಕೆಲಸ ಅವರ ಬಾಯಿ ಬಿಡಿಸೋದಲ್ಲ, ಅವರ ಹೊರೆ ಇಳಿಸೋದು. ಕಾರಣ ಕೇಳದೆ ಒಂದು ದಿನ ರಜೆ. ಡೆಡ್‌ಲೈನ್ ಮುಂದಕ್ಕೆ. ಮಾತಾಡಬೇಕು ಅಂದ್ರೆ ಅವರು ಆರಿಸಿದ ಜಾಗ, ಅವರು ಆರಿಸಿದ ಜನ.

ಮಾತಾಡೋ ಜಾಗಗಳನ್ನ ಅವರ ಸಮುದಾಯ ಎಂದೋ ಕಟ್ಕೊಂಡಿದೆ. 1968ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಪ್ಪು ಮನಶ್ಶಾಸ್ತ್ರಜ್ಞರು ತಮ್ಮದೇ ಸಂಘ ಕಟ್ಟಿದ್ರು. ನನಗೆ ತುಂಬ ಇಷ್ಟವಾದದ್ದು ಅರ್ಕಾನ್ಸಾದ ಲೊರೆಂಜೊ ಲೂಯಿಸ್ ಶುರುಮಾಡಿದ ‘ಕನ್ಫೆಸ್ ಪ್ರಾಜೆಕ್ಟ್’. ಕಟಿಂಗ್ ಶಾಪ್‌ನವರಿಗೆ ತರಬೇತಿ: ಹೇಗೆ ಕೇಳಿಸ್ಕೊಳ್ಳೋದು, ಯಾವಾಗ ಡಾಕ್ಟರ ಹತ್ರ ಕಳ್ಸೋದು. ಕುರ್ಚೀಲಿ ಕೂತು ಕನ್ನಡಿ ನೋಡ್ತಾ ಮಾತಾಡಿದ್ರೆ ಯಾರ ಮುಖಾನೂ ನೋಡ್ಬೇಕಿಲ್ಲ. ನಮ್ಮಪ್ಪನೂ ಮನೇಲಿ ಹೇಳದ್ದನ್ನ ಕಟಿಂಗ್ ಶಾಪಲ್ಲೇ ಹೇಳೋದು, ಆ ಮಾತು ಬೇರೆ.

ಕಂಪನಿಗಳು ಫ್ರೀ ಕೌನ್ಸೆಲಿಂಗ್ ನಂಬರ್ ಕೊಡ್ತವೆ. ಒಳ್ಳೇದೇ. ಆದ್ರೆ ಅಮೆರಿಕದ ಮನಶ್ಶಾಸ್ತ್ರಜ್ಞರಲ್ಲಿ ಕಪ್ಪು ಜನ ನೂರಕ್ಕೆ ಐದರ ಆಸುಪಾಸು. ಫೋನ್ ಎತ್ತಿದವರಿಗೆ ಜನಾಂಗಭೇದ ಅಂದ್ರೇನು ಅಂತ ಮೊದಲರ್ಧ ಗಂಟೆ ಪಾಠ ಮಾಡೋ ಪರಿಸ್ಥಿತಿ ಬಂದ್ರೆ ಯಾರು ಮತ್ತೆ ಕಾಲ್ ಮಾಡ್ತಾರೆ? ಕಪ್ಪು ಉದ್ಯೋಗಿಗಳ ಗುಂಪುಗಳನ್ನ ನಡೆಸೋದೂ ಎಷ್ಟೋ ಕಡೆ ಸಂಬಳವಿಲ್ಲದ ಎರಡನೇ ಕೆಲಸ. ಇಂಥ ಉದ್ಯೋಗಿ ಗುಂಪುಗಳ ಜಾಗತಿಕ ಮುಖ್ಯಸ್ಥರಿಗೆ ವರ್ಷಕ್ಕೆ 10,000 ಡಾಲರ್ ಕೊಡ್ತೀವಿ ಅಂತ ಲಿಂಕ್ಡ್‌ಇನ್ 2021ರಲ್ಲಿ ಹೇಳ್ತು. ಹಾರ್ಟ್ ಇಮೋಜಿಗಿಂತ ಅದು ವಾಸಿ.

ಈ ವರ್ಷ ನಿಮ್ಮಲ್ಲಿ ಅರ್ಧ ಜನ ಇಂಥ ಟೀಮ್‌ಗಳಿಗೆ ಸೇರ್ತೀರಿ. ಇನ್ನೊಂದು ವಿಡಿಯೋ ಬರುತ್ತೆ, ಅದರ ಮರುದಿನ ಸ್ಟ್ಯಾಂಡಪ್ ಕಾಲೂ ಇರುತ್ತೆ. ‘ಇವತ್ತಿನ ರಿಪೋರ್ಟ್ ನಾನು ಮಾಡ್ತೀನಿ, ರಿಪ್ಲೈ ಬೇಡ’ ಅಂತ ಹಾಕಿ. ಆಮೇಲೆ ನಿಜವಾಗ್ಲೂ ಮಾಡಿ.