ಪೆಟ್ರಾಗೆ ಕೂಡಿಟ್ಟ ದುಡ್ಡು, ಗುಬ್ಬಿ ತೋಟದ ಬೋರು

ಎರಡು ವರ್ಷ, ತಿಂಗಳಿಗೆ ಹತ್ತು ಸಾವಿರದಂತೆ ಆರ್‌ಡಿ ಕಟ್ಟಿದ್ದೆ. ಉದ್ದೇಶ ಒಂದೇ: ಜೋರ್ಡಾನ್‌ಗೆ ಹೋಗಿ ಪೆಟ್ರಾ ನೋಡಬೇಕು, ಅಮ್ಮನನ್ನೂ ಕರ್ಕೊಂಡು ಹೋಗಬೇಕು. ಆರ್‌ಡಿ ದುಡ್ಡು ಕೈಗೆ ಬಂದದ್ದು ಮಾರ್ಚ್ ಎರಡನೇ ವಾರ. ಅದೇ ವಾರ ಗುಬ್ಬಿ ಹತ್ತಿರದ ನಮ್ಮ ತೋಟದ ಬೋರು ನೀರಿನ ಬದಲು ಗಾಳಿ ಉಗುಳೋಕೆ ಶುರು ಮಾಡಿತು.

ತೋಟ ಇರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗು ಹೇಗೋ ತಡ್ಕೊಳ್ಳುತ್ತೆ, ಅಡಿಕೆ ತಡ್ಕೊಳ್ಳಲ್ಲ. ತಮ್ಮ ಫೋನ್ ಮಾಡಿದ. "ಅಕ್ಕಾ, ಪಾಯಿಂಟ್ ನೋಡ್ಸಿದೀವಿ. ಒಂಬೈನೂರು ಅಡಿ ಹೋಗ್ಬೇಕಾಗಬಹುದು ಅಂತಾರೆ. ಕೇಸಿಂಗು, ಮೋಟ್ರು, ಕೇಬಲ್ಲು ಎಲ್ಲಾ ಸೇರಿ ಮೂರು ಲಕ್ಷದ ಹತ್ರ. ನಿನ್ ಹತ್ರ ಹೆಂಗೂ..." ಅಂತ ಅರ್ಧಕ್ಕೆ ನಿಲ್ಲಿಸಿದ. ನನ್ನ ಹತ್ತಿರ ಎಷ್ಟಿದೆ, ಯಾಕಿದೆ ಅಂತ ಅವನಿಗೆ ಗೊತ್ತು. ಅಪ್ಪನಿಗೂ ಗೊತ್ತು. ಆದರೆ ಅಪ್ಪ ಕೇಳಲೇ ಇಲ್ಲ. ಕೇಳಿಬಿಟ್ಟಿದ್ದರೆ ಜಗಳ ಆಡಬಹುದಿತ್ತು.

ಆ ತೋಟದಲ್ಲಿ ಇದುವರೆಗೆ ನಾಲ್ಕು ಬೋರು ಕೊರೆಸಿದ್ದೇವೆ. ಎರಡರಲ್ಲಿ ಬಂದದ್ದು ಬರೀ ಧೂಳು. ಮೂರನೆಯದು ಆರು ವರ್ಷ ನಡೆಯಿತು. ನಾಲ್ಕನೆಯದೇ ಈಗ ನಿಂತದ್ದು.

ನಾನು ದಿನಾ ತುಮಕೂರಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡುವವಳು. ಪ್ರವಾಸದ ಪ್ಲಾನ್ ಎಲ್ಲಾ ಆ ರೈಲಲ್ಲೇ, ಫೋನಲ್ಲೇ ಆದದ್ದು. ಮರುಭೂಮಿ ದೇಶ, ಹಳೇ ಕಾಲದ ಕಟ್ಟಡ ಅಂದ್ರೆ ಎಲ್ಲರೂ ಮೊದಲು ಹೇಳೋದು ಈಜಿಪ್ಟ್. ನಾನು ಜೋರ್ಡಾನ್ ಆರಿಸಿದ್ದು ದೇಶ ಚಿಕ್ಕದು ಅಂತ. ರಾಜಧಾನಿ ಅಮ್ಮಾನ್‌ನಿಂದ ಪೆಟ್ರಾಗೆ ರಸ್ತೆಯಲ್ಲಿ ಮೂರು ಗಂಟೆ. ಅಲ್ಲಿಂದ ವಾದಿ ರಮ್ ಮರಳುಗಾಡಿಗೆ ಎರಡು ಗಂಟೆ. ಉತ್ತರಕ್ಕೆ ಹೋದರೆ ರೋಮನ್ನರ ಕಾಲದ ಜೆರಾಶ್ ಪಟ್ಟಣ. ಮಂಡಿನೋವಿರುವ ಅಮ್ಮನನ್ನು ಕಟ್ಕೊಂಡು ಹೋಗೋಕೆ ಇಷ್ಟು ಸಾಕು ಅನ್ನಿಸಿತು.

ಹೋಗುವ ಆಸೆ ಇರುವವರಿಗೆ ಒಂದು ಲೆಕ್ಕ. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ಸಿಗುವ ವೀಸಾಗೆ 40 ದಿನಾರ್. ಪೆಟ್ರಾ ಒಂದು ದಿನದ ಟಿಕೆಟ್ 50 ದಿನಾರ್. ಒಂದು ದಿನಾರ್ ಅಂದರೆ ನಮ್ಮ ನೂರಿಪ್ಪತ್ತು ರೂಪಾಯಿ ಆಸುಪಾಸು, ಗುಣಿಸಿ ನೋಡಿದರೆ ಎದೆ ಧಸಕ್ ಅನ್ನುತ್ತೆ. ಆದರೆ ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ 70 ದಿನಾರ್ ಕೊಟ್ಟು 'ಜೋರ್ಡಾನ್ ಪಾಸ್' ತಗೊಂಡರೆ, ಕನಿಷ್ಠ ಮೂರು ರಾತ್ರಿ ಅಲ್ಲಿ ಉಳಿಯುವವರಿಗೆ ವೀಸಾ ಶುಲ್ಕ ಮಾಫಿ. ಪೆಟ್ರಾ, ಜೆರಾಶ್ ಪ್ರವೇಶವೂ ಅದರಲ್ಲೇ ಸೇರಿದೆ. ಎರಡು ದಿನ ಪೆಟ್ರಾ ನೋಡಬೇಕಾದರೆ ಪಾಸ್ 75 ದಿನಾರ್. ದರ ಬದಲಾಗುತ್ತಿರುತ್ತೆ, ಅಧಿಕೃತ ವೆಬ್‌ಸೈಟಲ್ಲಿ ನೋಡ್ಕೊಳ್ಳಿ. ಆ ಕಡೆಯ ಪರಿಸ್ಥಿತಿಯೂ ದಿನಕ್ಕೊಂದು ಥರ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ಟಿಕೆಟ್ಟೇ ತಗೊಳ್ಳಿ, ವಿದೇಶಾಂಗ ಇಲಾಖೆಯ ಸೂಚನೆ ಓದಿ. ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆ ಕಾಲ. ಮಧ್ಯೆ ಬೇಸಿಗೆಯಲ್ಲಿ ಹೋಗೋದು ಬೇಡ.

ಈ ಲೆಕ್ಕವೆಲ್ಲ ಮುಗಿದಿತ್ತು. ಬೋರು ನಿಂತ ಮೇಲೆ ಅದೇ ಪಟ್ಟಿ ನೋಡಿದರೆ ಒಂಥರಾ ನಾಚಿಕೆ. ಆದರೂ ಓದೋದು ಬಿಡಲಿಲ್ಲ. ಪೆಟ್ರಾ ಅಂದ್ರೆ ನನ್ನ ಮಟ್ಟಿಗೆ ಅಲ್ಲೀವರೆಗೆ ಒಂದೇ ಫೋಟೊ: ಕೆಂಪು ಬಂಡೆಯನ್ನು ಕೊರೆದು ಮಾಡಿದ, ಸುಮಾರು 40 ಮೀಟರ್ ಎತ್ತರದ 'ಖಜಾನೆ'. ಅಸಲಿಗೆ ಅದು ಖಜಾನೆಯಲ್ಲ, ರಾಜನ ಸಮಾಧಿ ಇರಬೇಕು ಅಂತಾರೆ. ಮೇಲಿರುವ ಕಲ್ಲಿನ ಕಲಶದೊಳಗೆ ನಿಧಿ ಇದೆ ಅಂತ ಅಲ್ಲಿನ ಜನ ಅದಕ್ಕೆ ಗುಂಡು ಹೊಡೆದಿದ್ದರಂತೆ. ಕಲಶ ಗಟ್ಟಿ ಕಲ್ಲು. ನಿಧಿ ಅಂದ್ರೆ ನಮ್ಮ ಕಡೆಯವರೂ ಕಮ್ಮಿಯೇನಿಲ್ಲ, ಎಷ್ಟು ಪಾಳು ಗುಡಿಗಳ ಗರ್ಭಗುಡಿ ಅಗೆದು ಹಾಕಿದ್ದಾರೆ.

ಆ ಊರಲ್ಲಿ ವರ್ಷಕ್ಕೆ ಬೀಳುವ ಮಳೆ 150 ಮಿಲಿಮೀಟರ್ ಆಸುಪಾಸು. ನಮ್ಮ ಜಿಲ್ಲೆಯ ಒಣ ತಾಲೂಕು ಪಾವಗಡದಲ್ಲೂ ಅದಕ್ಕಿಂತ ಎಷ್ಟೋ ಹೆಚ್ಚು ಬೀಳುತ್ತೆ. ಅಷ್ಟರಲ್ಲೇ ಎರಡು ಸಾವಿರ ವರ್ಷದ ಹಿಂದೆ ನಬಾತಿಯನ್ನರು ಅಂತ ಒಂದು ಜನ ದೊಡ್ಡ ಪಟ್ಟಣ ಕಟ್ಟಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ನೀರು ಕೊಟ್ಟಿರಬಹುದು ಅನ್ನೋದು ವಿದ್ವಾಂಸರ ಅಂದಾಜು. ಊರ ಮಧ್ಯೆ ತೋಟ, ಅದರಲ್ಲೊಂದು ಈಜುಕೊಳ ಕೂಡ ಇತ್ತು. ಬೆಟ್ಟದ ಮೇಲೆ ಬಿದ್ದ ಹನಿಯನ್ನೂ ಬಿಡದೆ ಬಂಡೆಯಲ್ಲಿ ಕಾಲುವೆ ಕೊರೆದು ಕಲ್ಲಿನ ತೊಟ್ಟಿಗಳಿಗೆ ಇಳಿಸಿದ್ದಾರೆ. ದೂರದ ಬುಗ್ಗೆಯಿಂದ ಮಣ್ಣಿನ ಪೈಪ್ ಹಾಕಿ ನೀರು ತಂದಿದ್ದಾರೆ. ಪೆಟ್ರಾಗೆ ಹೋಗುವ ದಾರಿ ಸಿಕ್ ಅನ್ನುವ ಒಂದು ಇಕ್ಕಟ್ಟಾದ ಕಮರಿ, ಒಂದು ಕಿಲೋಮೀಟರಿಗೂ ಉದ್ದ. ಅದರ ಎರಡೂ ಗೋಡೆಗಳಲ್ಲಿ ಸೊಂಟದ ಎತ್ತರಕ್ಕೆ ಈ ಕಾಲುವೆ, ಪೈಪಿನ ಗುರುತು ಇವತ್ತಿಗೂ ಇದೆ. ಪ್ರವಾಸಿಗಳು ಅದನ್ನು ದಾಟಿಕೊಂಡು ಖಜಾನೆ ಹತ್ತಿರ ಸೆಲ್ಫಿಗೆ ಓಡುತ್ತಾರೆ. ನಾನೂ ಓಡುವವಳೇ ಆಗಿದ್ದೆ.

ಭಾನುವಾರ ತೋಟಕ್ಕೆ ಹೋದಾಗ ಅಪ್ಪ ಜಗಲಿ ಮೇಲೆ ಕೂತಿದ್ದರು. ಏನು ಮಾತಾಡೋದು ಗೊತ್ತಾಗದೆ ಫೋನ್ ಕೊಟ್ಟೆ. ಖಜಾನೆ ಫೋಟೊ ನೋಡಿ "ಚೆನ್ನಾಗೈತೆ" ಅಂದರು, ಅಷ್ಟೇ. ಕಾಲುವೆ ಫೋಟೊ ಬಂದಾಗ ಕನ್ನಡಕ ಹಾಕ್ಕೊಂಡು ಎರಡು ಬೆರಳಲ್ಲಿ ಹಿಗ್ಗಿಸಿದರು.

"ಇಳಿಜಾರು ಯಾವ ಕಡೀಕೆ?"

"ಊರ ಕಡೆಗೆ ಅಪ್ಪ."

"ಜಾಸ್ತಿ ಇಳಿಜಾರು ಕೊಟ್ರೆ ನೀರು ಕಲ್ಲು ಕೊರೆದ್ಬಿಡ್ತದೆ, ಕಮ್ಮಿ ಕೊಟ್ರೆ ಹೂಳು ಕೂರ್ತದೆ. ಹೂಳು ಎಲ್ಲಿ ತೆಗೀತಿದ್ರಂತೆ?"

ನನಗೆ ಗೊತ್ತಿರಲಿಲ್ಲ. ಅಲ್ಲೇ ಹುಡುಕಿದೆ. ಕಾಲುವೆಯ ದಾರಿಯಲ್ಲಿ, ತೊಟ್ಟಿಗೆ ಸೇರುವ ಮುಂಚೆ, ಮಣ್ಣು ತಳಕ್ಕೆ ಕೂರಲಿ ಅಂತ ಸಣ್ಣ ಗುಂಡಿ ಮಾಡಿದ್ದಾರೆ ಅಂತ ಸಿಕ್ಕಿತು. ಓದಿ ಹೇಳಿದೆ. "ಹೂಂ, ಇರ್ಲೇಬೇಕು" ಅಂದರು.

ಆಮೇಲೆ ಇನ್ನೊಂದು ಓದಿ ಹೇಳಿದೆ. 1963ರ ಏಪ್ರಿಲ್‌ನಲ್ಲಿ ಆ ಕಮರಿಗೆ ದಿಢೀರ್ ಪ್ರವಾಹ ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರು ಸತ್ತರು. ನಬಾತಿಯನ್ನರು ಕಮರಿಯ ಬಾಯಲ್ಲಿ ಒಡ್ಡು ಹಾಕಿ, ನೀರು ಬೇರೆ ಕಡೆ ತಿರುಗಲಿ ಅಂತ ಬಂಡೆಯಲ್ಲಿ ಸುಮಾರು 88 ಮೀಟರ್ ಸುರಂಗ ಕೊರೆದಿದ್ದರು. ಒಡ್ಡು ಕಾಲಾಂತರದಲ್ಲಿ ಹಾಳಾಗಿತ್ತು. ಆ ದುರಂತ ಆದ ಮೇಲೆ ಅದೇ ಜಾಗದಲ್ಲಿ ಹೊಸ ಒಡ್ಡು ಕಟ್ಟಿದರು.

"ಅದು ಕೋಡಿ ಕಣಮ್ಮ" ಅಂದರು ಅಪ್ಪ. "ಏರಿ ಯಾರ್ ಬೇಕಾದ್ರೂ ಹಾಕ್ತಾರೆ. ಕೋಡಿ ನೋಡ್ಕೊಳ್ದಿದ್ರೆ ಹಂಗೇ ಆಗೋದು."

ಅವತ್ತು ಸಂಜೆ ಸ್ಕೂಟರಲ್ಲಿ ಇಬ್ಬರೂ ಕಡಬ ಕೆರೆಗೆ ಹೋದೆವು. ಗುಬ್ಬಿ ತಾಲೂಕಿನ ದೊಡ್ಡ ಕೆರೆ, ಶಿಂಷಾ ನದಿಗೆ ಅಡ್ಡ ಏರಿ ಹಾಕಿ ಮಾಡಿದ್ದು. ಲಂಕೆಯಿಂದ ವಾಪಸ್ ಬರುವಾಗ ರಾಮ ಇಲ್ಲಿ ತಂಗಿದ್ದ, ಕೆರೆ ಆಗಲೇ ಆಯಿತು ಅಂತ ಸ್ಥಳಪುರಾಣ. ಅಪ್ಪ ಏರಿ ಮೇಲೆ ನಡೆಸಿಕೊಂಡು ಹೋಗಿ ತೂಬು ತೋರಿಸಿದರು, ಕೋಡಿ ತೋರಿಸಿದರು. ನೀರುಗಂಟಿ ಅಂತ ಒಬ್ಬ ಇರುತ್ತಿದ್ದ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಅವನ ಲೆಕ್ಕ, ಅವನ ಮಾತಿಗೆ ಗೌಡರೂ ಎದುರಾಡ್ತಿರಲಿಲ್ಲ ಅಂತ ಹೇಳಿದರು. ಮೂವತ್ತು ವರ್ಷದಿಂದ ಗುಬ್ಬಿ–ತುಮಕೂರು ಅಂತ ಓಡಾಡ್ತಿದ್ದೀನಿ, ಕೆರೆ ಅಂದ್ರೆ ನನಗೆ ಬಸ್ಸಿನ ಕಿಟಕಿಯಲ್ಲಿ ಕಾಣುವ ನೀರು ಅಷ್ಟೇ ಆಗಿತ್ತು.

ಮನೆಗೆ ಬಂದು ನಾನು ಬುದ್ಧಿವಂತಿಕೆ ತೋರಿಸಿದೆ. ಐದನೇ ಬೋರು ಬೇಡ, ಆ ದುಡ್ಡಲ್ಲಿ ಕೃಷಿ ಹೊಂಡ ತೆಗೆಸೋಣ, ಬೀಳೋ ಮಳೆ ಹಿಡ್ಕೊಳ್ಳೋಣ ಅಂದೆ. ಜೋರ್ಡಾನ್‌ನವರೂ ಈಗ ಅದೇ ತಪ್ಪು ಮಾಡ್ತಿದ್ದಾರೆ ಅಂತ ಉದಾಹರಣೆ ಬೇರೆ ಕೊಟ್ಟೆ. ವಾದಿ ರಮ್ ಹತ್ತಿರ ದಿಸಿ ಅನ್ನೋ ಕಡೆ ಬೋರು ಕೊರೆದು, 2013ರಿಂದ ಸುಮಾರು 325 ಕಿಲೋಮೀಟರ್ ಪೈಪಿನಲ್ಲಿ ಅಮ್ಮಾನ್‌ಗೆ ನೀರು ಒಯ್ಯುತ್ತಿದ್ದಾರೆ. ಅದು ಸಾವಿರಾರು ವರ್ಷದ ಹಿಂದೆ ಭೂಮಿಯೊಳಗೆ ಇಂಗಿದ ನೀರು, ಮತ್ತೆ ತುಂಬೋದಿಲ್ಲ. ಇಷ್ಟಾದರೂ ಅಮ್ಮಾನ್‌ನ ಎಷ್ಟೋ ಮನೆಗಳಿಗೆ ನಲ್ಲಿ ನೀರು ಬರೋದು ವಾರಕ್ಕೊಮ್ಮೆ, ಎಲ್ಲರ ತಾರಸಿ ಮೇಲೂ ಟ್ಯಾಂಕು.

ತಮ್ಮ ಪೂರ್ತಿ ಕೇಳಿಸಿಕೊಂಡ. "ಅಕ್ಕಾ, ಮಳೆ ಬರೋದು ಜೂನಿಗೆ. ಇದು ಮಾರ್ಚು. ಅಡಿಕೆಗೆ ಏಪ್ರಿಲ್‌ನಲ್ಲಿ ನಿನ್ನ ಹೊಂಡ ಏನು ಕೊಡುತ್ತೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಅಮ್ಮ ಅಡುಗೆಮನೆಯಿಂದಲೇ "ಹೇಮಾವತಿ ನೀರು ನೆಟ್ಟಗೆ ಬಿಟ್ಟಿದ್ರೆ ಇದ್ಯಾವುದೂ ಬೇಕಿರಲಿಲ್ಲ" ಅಂದರು. ಆ ವಿಷಯ ನಮ್ಮ ಮನೆಯಲ್ಲಿ ಎತ್ತಬಾರದು. ಅಮ್ಮನ ತವರು ಕುಣಿಗಲ್. ಹೇಮಾವತಿ ನೀರನ್ನು ನೇರವಾಗಿ ಕುಣಿಗಲ್ ಕಡೆ ಒಯ್ಯುವ ಲಿಂಕ್ ಕೆನಾಲ್ ಬಗ್ಗೆ ಗುಬ್ಬಿ ಕಡೆಯವರು ಬೀದಿಗಿಳಿದು ಪ್ರತಿಭಟನೆ ಮಾಡಿದ್ದು ಎಲ್ಲರಿಗೂ ಗೊತ್ತು. ಅಮ್ಮನಿಗೆ ಅವರ ಊರಿನ ದೊಡ್ಡ ಕೆರೆ ತುಂಬಬೇಕು. ಹಾಡಿನಲ್ಲೇ ಬಂದ ಕೆರೆ, ಒಣಗಿ ನಿಂತರೆ ನೋಡೋಕಾಗಲ್ಲ ಅಂತಾರೆ. ಅಪ್ಪನಿಗೆ ಗುಬ್ಬಿಯ ಪಾಲು ತಪ್ಪಬಾರದು. ಇಬ್ಬರೂ ಹೇಳೋದು ನ್ಯಾಯವೇ. ನಾನಿರುವ ತುಮಕೂರು ಸಿಟಿಯವರು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲಿಸಿದ ಅದೇ ಹೇಮಾವತಿ ನೀರು ಕುಡ್ಕೊಂಡು ಸುಮ್ಮನಿರೋದು ಅಂತ ಇಬ್ಬರೂ ಸೇರಿ ನನ್ನ ಮೇಲೆ ಬಿದ್ದರು.

ಕೊನೆಗೆ ಒಂದು ಲಕ್ಷದ ಇಪ್ಪತ್ತು ಸಾವಿರ ನಾನು ಕೊಟ್ಟೆ, ಉಳಿದದ್ದಕ್ಕೆ ತಮ್ಮ ಸಾಲ ಮಾಡಿದ. ಅಪ್ಪ "ನಿಮ್ಮಮ್ಮನ್ನ ಕರ್ಕೊಂಡ್ ಹೋಗೋ ದುಡ್ಡು ಅದು" ಅಂತ ಎರಡು ದಿನ ಬ್ಯಾಂಕ್ ಖಾತೆ ನಂಬರ್ ಕೊಡದೆ ಸತಾಯಿಸಿದರು. 860 ಅಡಿಗೆ ಒಂದೂವರೆ ಇಂಚು ನೀರು ಬಂತು. ಲಾರಿ ಸದ್ದು ನಿಂತ ಮೇಲೆ ಎಲ್ಲರೂ ಒದ್ದೆ ಮಣ್ಣು ಮುಟ್ಟಿ ನೋಡಿದರು. ಅಪ್ಪ ಮಾತ್ರ "ಇದೂ ಎಷ್ಟ್ ದಿನವೋ" ಅಂದು ತೆಂಗಿನ ಸಾಲಿನ ಕಡೆ ಹೋದರು. ಮೇ ತಿಂಗಳಲ್ಲಿ ಯಾರಿಗೂ ಹೇಳದೆ ಜೆಸಿಬಿ ಕರೆಸಿ ತೋಟದ ತಗ್ಗಿನಲ್ಲಿ ಹೊಂಡ ತೆಗೆಸಿ, ಶೀಟ್ ಹಾಸಿಸಿದ್ದಾರೆ. ನೀರು ಒಳಗೆ ಬರುವ ಕಡೆ ಒಂದು ಸಣ್ಣ ಗುಂಡಿ. ಅದು ಪೆಟ್ರಾ ನೋಡಿ ಮಾಡಿದ್ದಾ ಅಂತ ಕೇಳಿದ್ದಕ್ಕೆ, "ನಮ್ಮಪ್ಪನ ಕಾಲದಿಂದ ಮಾಡ್ತಿದ್ದದ್ದು, ನಾವೇ ಮರೆತಿದ್ವಿ" ಅಂದರು. ಆಗಸ್ಟ್ ಮಳೆಗೆ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿದೆ.

ಪ್ರವಾಸ ನಿಂತಿಲ್ಲ, ಕುಗ್ಗಿದೆ. ಒಂಬತ್ತು ದಿನ ಇದ್ದದ್ದು ಆರು ದಿನ ಆಗಿದೆ, ನವೆಂಬರ್‌ಗೆ. ಮೃತ ಸಮುದ್ರದ ರೆಸಾರ್ಟ್ ತೆಗೆದು ಹಾಕಿದೆ. ವಾದಿ ರಮ್ ಟೆಂಟ್ ಒಂದೇ ರಾತ್ರಿ. ಪೆಟ್ರಾ ಮಾತ್ರ ಎರಡು ದಿನ, ಅದನ್ನು ಮುಟ್ಟಿಲ್ಲ. ಮೇಲಿನ 'ಮಠ'ಕ್ಕೆ ಎಂಟುನೂರು ಮೆಟ್ಟಿಲು, ಅಮ್ಮನಿಗೆ ಆಗಲ್ಲ. ಆದರೂ ವಾರಕ್ಕೊಂದು ದಿನ ಬೆಳಿಗ್ಗೆ ಸಿದ್ದಗಂಗೆ ಬೆಟ್ಟ ಹತ್ತಿಸ್ತಿದ್ದೀನಿ, ಕಮರಿ ದಾರಿಯಾದರೂ ನಡೆಯಲಿ ಅಂತ. ಹೋಗುವಾಗ ಇಳಿಜಾರು, ಬರುವಾಗ ಏರು. ತೀರಾ ಆಗದಿದ್ದರೆ ಬ್ಯಾಟರಿ ಗಾಡಿ ಇದೆ.

ಊಟದ ಚಿಂತೆ ನನಗಿಲ್ಲ. ಕಡಲೆಯ ಹುಮ್ಮಸ್, ಫಲಾಫೆಲ್ ಎಲ್ಲಾ ಕಡೆ ಸಿಗುತ್ತೆ. ಚಿಂತೆ ಅಮ್ಮನ ಬ್ಯಾಗಿನದು. ನಮ್ಮ ಕಡೆಯವರಿಗೆ ಎರಡು ಮಾತು ಹೇಳಲೇಬೇಕು. ಕೊಬ್ಬರಿ ಗಿಟುಕನ್ನು ವಿಮಾನದ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ, ಎಣ್ಣೆ ಅಂಶಕ್ಕೆ ಬೆಂಕಿ ಹತ್ತುತ್ತೆ ಅಂತ ನಿಷೇಧ. ದುಬೈ ಮೇಲೆ ಹೋಗುವವರು ಗಸಗಸೆ ಇರುವ ಯಾವ ಪುಡಿಯನ್ನೂ ತಗೊಂಡು ಹೋಗಬೇಡಿ, ಅಲ್ಲಿ ಅದು ಮಾದಕ ವಸ್ತು ಲೆಕ್ಕ, ಜೈಲಿಗೂ ದಾರಿಯಾಗುತ್ತೆ. ತಿಪಟೂರು ಕೊಬ್ಬರಿ, ಗಸಗಸೆ ಎರಡೂ ಇಲ್ಲದ ಮೇಲೆ ಅದೆಂಥ ಚಟ್ನಿಪುಡಿ ಅಂತ ಅಮ್ಮ ಇನ್ನೂ ಕೋಪದಲ್ಲಿದ್ದಾರೆ.

ಅಪ್ಪ ಬರಲ್ಲ. ತೋಟಕ್ಕೆ ನೀರು ಬಿಡೋರು ಯಾರು ಅಂತಾರೆ. ಹೋದ ವಾರ ಟಿಕೆಟ್ ಆಯ್ತು ಅಂತ ಹೇಳೋಕೆ ಫೋನ್ ಮಾಡಿದ್ದೆ. ಎಲ್ಲಾ ಕೇಳಿ, ಇಡುವ ಮುಂಚೆ ಒಂದು ಮಾತು ಅಂದರು: "ಆ ದೊಡ್ಡ ಕಟ್ಟಡದ ಪಟ ಎಲ್ಲರೂ ಹಾಕಿರ್ತಾರೆ, ಬುಡು. ನೀನು ಆ ಕಾಲುವೆನ ಮೊದಲಿಂದ ಕೊನೆಗಂಟ ವಿಡಿಯೋ ಮಾಡ್ಕೊಂಡ್ ಬಾ. ನಿಧಾನಕ್ಕೆ ನಡ್ಕೊಂಡು ಮಾಡು. ಓಡ್ಬೇಡ."