ತೂತು ಮುಚ್ಚುವುದನ್ನೂ ಕಲಿಸಿ

ಉಲ್ಲನ್ ಕಾಲುಚೀಲ ಹೆಣೆಯಲು ಕಲಿಯುವ ಹುಡುಗಿಯರು ಈಚೆಗೆ ನಮ್ಮ ಮಡಿಕೇರಿಯಲ್ಲೂ ಸಿಗುತ್ತಾರೆ. ತುಂಬಾ ಸಂತೋಷದ ವಿಷಯ. ಆದರೆ ಹಿಮ್ಮಡಿ ಸವೆದು ತೂತಾದರೆ ಏನು ಮಾಡಬೇಕೆಂದು ಕೇಳಿದರೆ ಉತ್ತರವಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಇದು ಅರ್ಧ ವಿದ್ಯೆ. ಒಂದು ಜೊತೆಯಲ್ಲಿ ಸಾವಿರಾರು ಕುಣಿಕೆಗಳಿರುತ್ತವೆ. ಹತ್ತೋ ಹದಿನೈದೋ ಹರಿದವೆಂದು ಅಷ್ಟನ್ನೂ ಕಸಕ್ಕೆ ಹಾಕುವುದು ಅನ್ಯಾಯ.

ನಾನು ಇದನ್ನು ಕಲಿತದ್ದು ರಾಣಿಖೇತ್‌ನಲ್ಲಿ, ಯಜಮಾನರು ಪಟ್ಟಾಳದಲ್ಲಿದ್ದಾಗ. ಪಕ್ಕದ ಮನೆಯ ದೀದಿ ಚಳಿಗಾಲದ ಬಿಸಿಲಿಗೆ ಅಂಗಳದಲ್ಲಿ ಕೂತು ಮನೆಮಂದಿಯ ಕಾಲುಚೀಲಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ತೆಳುವಾದ ಜಾಗ ಕಂಡರೆ ಹರಿಯುವವರೆಗೆ ಕಾಯುತ್ತಿರಲಿಲ್ಲ. ಇದ್ದ ಕುಣಿಕೆಗಳ ಜಾಡಿನಲ್ಲೇ ಸೂಜಿ ಓಡಿಸಿ ಮೇಲೊಂದು ಎಳೆ ಕೂರಿಸುತ್ತಿದ್ದರು. ತೂತೇ ಬಿದ್ದಿದ್ದರೆ ಒಳಗೆ ಫ್ಯೂಸ್ ಹೋದ ಬಲ್ಬ್ ಇಟ್ಟು, ತೂತಿನಿಂದ ಬೆರಳಗಲ ಆಚೆ, ಹೆಣಿಗೆ ಗಟ್ಟಿಯಾಗಿರುವಲ್ಲಿಂದ ಶುರು. ಮೊದಲು ಉದ್ದಕ್ಕೆ ಹಾಸು ಎಳೆಗಳು, ಆಮೇಲೆ ಒಂದರ ಮೇಲೆ ಒಂದರ ಕೆಳಗೆ ನುಸುಳುವ ಹೊಕ್ಕು. ಗಂಟು ಹಾಕಲು ಬಿಡುತ್ತಲೇ ಇರಲಿಲ್ಲ. ಬೂಟಿನೊಳಗೆ ಗಂಟು ಒತ್ತಿದರೆ ಬೊಕ್ಕೆ ಏಳುತ್ತದೆ. ತಿರುವಿನಲ್ಲಿ ಪ್ರತಿ ಸಲ ಎಳೆಯನ್ನು ಚೂರು ಸಡಿಲ ಬಿಡಬೇಕು, ತೊಳೆದಾಗ ಹೊಸ ಉಲ್ಲನ್ ಕುಗ್ಗುತ್ತದೆ. ಬಿಗಿದು ಎಳೆದರೆ ಸುತ್ತ ಮುದುಡಿ ಪಕ್ಕದಲ್ಲೇ ಮತ್ತೆ ಹರಿಯುತ್ತದೆ.

ಬಣ್ಣ ಹೊಂದುವುದಿಲ್ಲ, ತೇಪೆ ಕಾಣುತ್ತದೆ ಎನ್ನುತ್ತಾರೆ. ಕಾಣಲಿ! ಬೂದು ಬಣ್ಣದ ಹಿಮ್ಮಡಿಗೆ ನಾನು ಹಾಕಿದ ಮರೂನ್ ತೇಪೆ ನನಗೆ ಹೆಮ್ಮೆಯದು.

ಇದನ್ನು ಬಡವರ ಮನೆಯ ಕೆಲಸ ಎಂದು ತಳ್ಳಿಹಾಕುವವರು ಬ್ರಿಟನ್ನನ್ನು ನೋಡಲಿ. ಯುದ್ಧಕಾಲದಲ್ಲಿ, 1941ರಲ್ಲಿ, ಬಟ್ಟೆಗೂ ರೇಷನ್ ಬಂದಾಗ ಸರ್ಕಾರವೇ ರಿಪೇರಿಯ ಪಾಠ ಹೇಳಿತು. 1943ರಲ್ಲಿ ಅದಕ್ಕೆಂದೇ ಕೈಪಿಡಿ ಅಚ್ಚುಹಾಕಿಸಿತು. ಫ್ರಾನ್ಸ್‌ನಲ್ಲಿ 2023ರ ನವೆಂಬರ್‌ನಿಂದ ಬಟ್ಟೆ, ಚಪ್ಪಲಿ ರಿಪೇರಿಗೆ 6ರಿಂದ 25 ಯೂರೋವರೆಗೆ ರಿಯಾಯಿತಿ ಕೊಡುವ ಯೋಜನೆ ಶುರುವಾಯಿತು. ನಾವು ಅಷ್ಟು ದುಡ್ಡು ಸುರಿಯಬೇಕಿಲ್ಲ. ಶಾಲೆಯ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಒಂದು ಹರಿದ ಕಾಲುಚೀಲ, ಒಂದು ಮೊಂಡುತುದಿಯ ಸೂಜಿ ಕೊಟ್ಟರೆ ಸಾಕು. ಹುಡುಗರ ಕೈಗೂ ಕೊಡಿ. ನಮ್ಮ ಯಜಮಾನರು ತಮ್ಮ ಕಾಲುಚೀಲವನ್ನು ಕೊನೆಯವರೆಗೂ ತಾವೇ ಸರಿಮಾಡಿಕೊಂಡರು.

ಹೆಣೆಯುವವರಿಗೂ ಒಂದು ಮಾತು. ಹಿಮ್ಮಡಿ ಹೆಣೆಯುವಾಗ ಉಲ್ಲನ್ ಜೊತೆ ತೆಳು ನೈಲಾನ್ ದಾರ ಸೇರಿಸಿ, ಬಾಳಿಕೆ ಬರುತ್ತದೆ. ಯಾರಿಗಾದರೂ ಕೊಡುವುದಿದ್ದರೆ ಮಿಕ್ಕ ಉಲ್ಲನ್ನಿನಲ್ಲಿ ನಾಲ್ಕೈದು ಮಾರು ಸುತ್ತಿ ಅದರ ಜೊತೆಗೇ ಇಟ್ಟುಕೊಡಿ.