ಗರ್ಭಕೋಶದಲ್ಲಿ ಗಡ್ಡೆ ಎಂದರೆ ಕೂಡಲೇ ಆಪರೇಷನ್ ಬೇಕೇ?

"ಫೈಬ್ರಾಯ್ಡ್ ಇದ್ದರೆ ತಕ್ಷಣ ಗರ್ಭಕೋಶ ತೆಗೆಸಿ, ಬಿಟ್ಟರೆ ಕ್ಯಾನ್ಸರ್. ಅಕ್ಕತಂಗಿಯರಿಗೆಲ್ಲ ಕಳುಹಿಸಿ." ಉರಿಗಾಂನ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ಇಂಥದ್ದೊಂದು ಫಾರ್ವರ್ಡ್ ಬಂದ ವಾರವೇ ಪಕ್ಕದ ಮನೆಯ ಅಕ್ಕನ ಸ್ಕ್ಯಾನಿಂಗ್ ರಿಪೋರ್ಟ್ ಬಂತು: 3 ಸೆಂ.ಮೀ. ಫೈಬ್ರಾಯ್ಡ್. ಡಾಕ್ಟರನ್ನು ಕಾಣುವ ಮೊದಲೇ ಅವರು ಆಪರೇಷನ್‌ಗೆ ದುಡ್ಡು ಹೊಂದಿಸಲು ಹೊರಟಿದ್ದರು.

ಫಾರ್ವರ್ಡ್ ಹೇಳುವುದು ನಿಜವೇ? ಅಲ್ಲ. ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ. 50 ವರ್ಷ ತುಂಬುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಇದು ಬಂದಿರುತ್ತದೆ, ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ಈಸ್ಟ್ರೊಜೆನ್ ಹಾರ್ಮೋನು ಇದನ್ನು ಬೆಳೆಸುತ್ತದೆ. ಹಾಗಾಗಿ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಗರ್ಭಕೋಶದ ಸ್ನಾಯುವಿನ ಕ್ಯಾನ್ಸರ್ ಬಲು ಅಪರೂಪ.

ಈ ಭಯಕ್ಕೆ ನಮ್ಮ ರಾಜ್ಯವೇ ಬೆಲೆ ತೆತ್ತಿದೆ. ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಲಂಬಾಣಿ ಮಹಿಳೆಯರು ಸೇರಿದಂತೆ ನೂರಾರು ಮಂದಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೂ ಕ್ಯಾನ್ಸರ್ ಎಂದು ಹೆದರಿಸಲಾಗಿತ್ತು ಎಂಬ ದೂರುಗಳಿದ್ದವು. ಇಂಥ ಪ್ರಕರಣಗಳ ಬಗ್ಗೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಕೇಂದ್ರದ ಮಾರ್ಗಸೂಚಿಯನ್ನು 3 ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ಒಮ್ಮೆಲೇ ನಿಂತು, ಮೂಳೆ ಸವೆಯುವ, ಹೃದ್ರೋಗ ಬರುವ ಅಪಾಯ ಹೆಚ್ಚುತ್ತದೆ. ಫಾರ್ವರ್ಡ್‌ಗಳಲ್ಲಿ ಇದು ಮಾತ್ರ ಇರುವುದಿಲ್ಲ.

ಹಾಗಂತ ಸುಮ್ಮನೆ ಕೂರಬೇಕೆಂದಲ್ಲ. ತೊಂದರೆ ಇಲ್ಲದಿದ್ದರೆ ಡಾಕ್ಟರು 6 ತಿಂಗಳಿಗೋ ವರ್ಷಕ್ಕೋ ಮತ್ತೆ ಸ್ಕ್ಯಾನ್ ಮಾಡಿಸಿ ಗಾತ್ರ ಹೋಲಿಸುತ್ತಾರೆ. ಹಳೇ ರಿಪೋರ್ಟ್ ಇಲ್ಲದೆ ಹೋದರೆ ಹೋಲಿಸುವುದಾದರೂ ಹೇಗೆ? ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ಹಿಮೋಗ್ಲೋಬಿನ್ ನೋಡಬೇಕು, 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಚಿಕಿತ್ಸೆ ಬೇಕಾದಾಗಲೂ ದಾರಿ ಒಂದೇ ಅಲ್ಲ: ರಕ್ತಸ್ರಾವ ತಗ್ಗಿಸುವ ಮಾತ್ರೆ, ಹಾರ್ಮೋನ್ ಇರುವ ವಂಕಿ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್, ಗಡ್ಡೆಗೆ ಹೋಗುವ ರಕ್ತ ತಡೆಯುವ ವಿಧಾನ. ಗರ್ಭಕೋಶವನ್ನೇ ತೆಗೆಯುವುದು ಕೆಲವರಿಗೆ ನಿಜಕ್ಕೂ ಸರಿಯಾದ ಆಯ್ಕೆಯೇ. (ಕಷಾಯ ಕುಡಿದರೆ ಗಡ್ಡೆ ಕರಗುತ್ತದೆ ಎನ್ನುವ ವಿಡಿಯೊಗಳಿಗೆ ಗಟ್ಟಿ ಆಧಾರವಿಲ್ಲ.)

ಆದರೆ ಗಂಟೆಗೊಂದು ಪ್ಯಾಡ್ ತೊಯ್ದು ಹೋಗುವಂತಿದ್ದರೆ, ಮೂತ್ರ ಕಟ್ಟಿದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅಥವಾ ಗಡ್ಡೆ ಬೆಳೆದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಆಪರೇಷನ್ ಆಗಲೇಬೇಕು ಎಂದರೆ ಎರಡನೇ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ. ಊರಿನವರು ದಿನವೂ ಕೆಲಸಕ್ಕೆಂದು ಹತ್ತುವ ರೈಲೇ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುತ್ತದೆ.

ಪಕ್ಕದ ಮನೆಯ ಅಕ್ಕನಿಗೆ ಹಿಮೋಗ್ಲೋಬಿನ್ 9 ಬಂತು. ಸದ್ಯಕ್ಕೆ ಕಬ್ಬಿಣಾಂಶದ ಮಾತ್ರೆ, ಮುಟ್ಟಿನ ದಿನಗಳಿಗೆ ಬೇರೆ ಮಾತ್ರೆ. ಮುಂದಿನ ಸ್ಕ್ಯಾನ್ 6 ತಿಂಗಳಿಗೆ.